ಲ್ಯಾಂಕಶೈರಿನ ನಮ್ಮ ಹೊಸ್ತಿಲು

ನಮ್ಮ ಜನಕ್ಕೆ ಹೊಸಬರು ಸಿಕ್ಕರೆ ಮೊದಲು ಕೇಳುವುದು ಊರು. ತೊಂಬತ್ತರ ದಶಕದಲ್ಲಿ ನಾವು ಅಮೆರಿಕದ ವರ್ಜೀನಿಯಾದ ಸೆಂಟರ್‌ವಿಲ್‌ನಲ್ಲಿ ಮನೆ ಮಾಡಿದಾಗ, ಯುಗಾದಿಗೆಂದು ಯಾವುದೋ ಶಾಲೆಯ ಕೆಫೆಟೀರಿಯಾದಲ್ಲಿ ಮನೆಗೊಂದು ಅಡುಗೆ ತಂದು ಸೇರುತ್ತಿದ್ದ ಪಾಟ್‌ಲಕ್ ಊಟದಲ್ಲಿ ಪೇಪರ್ ತಟ್ಟೆ ಹಿಡಿದು ನಿಂತವರೆಲ್ಲ ನನ್ನನ್ನು ಅದನ್ನೇ ಕೇಳಿದರು. ಲ್ಯಾಂಕಶೈರ್ ಎಂದೆ. ನಕ್ಕರು. ಇಂಗ್ಲೆಂಡಿನ ಉತ್ತರಕ್ಕಿರುವ ಜಿಲ್ಲೆ, ಹುಟ್ಟಿ ಬೆಳೆದದ್ದು ಅಲ್ಲಿಯ ಒಂದು ನೂಲಿನ ಗಿರಣಿಯ ಪಟ್ಟಣದಲ್ಲಿ ಎಂದು ಬಿಡಿಸಿ ಹೇಳಿದೆ. "ಅದು ಸರಿ ರೀ, ಸ್ವಂತ ಊರು ಯಾವ್ದು?" ಎಂದರು. ಮೈಸೂರು ಎಂದು ಹೇಳಿ ಪಾರಾಗಬಹುದಿತ್ತು. ಅಪ್ಪ ಅಮ್ಮ ಇಬ್ಬರೂ ಅಲ್ಲಿಯವರೇ. ಆದರೆ ನನಗೆ ಹಟ. ಹಲ್ಲು ಬಿದ್ದದ್ದು, ಸೈಕಲ್ಲಿನಿಂದ ಬಿದ್ದದ್ದು, ಬೈಗುಳ ಕಲಿತದ್ದು ಎಲ್ಲವೂ ಒಂದು ಊರಿನಲ್ಲಿ ಆದಮೇಲೆ ಇನ್ನೊಂದು ಊರಿನ ಹೆಸರು ನಾನೇಕೆ ಹೇಳಲಿ? ನನ್ನ ಗಂಡ, ಸಾಫ್ಟ್‌ವೇರ್ ಕೆಲಸದ ಸಾಧು ಪ್ರಾಣಿ, "ಮೈಸೂರು ಅಂದ್ಬಿಡು, ಯಾಕೆ ಸುಮ್ನೆ ಎಕ್ಸ್‌ಪ್ಲೇನ್ ಮಾಡ್ತೀಯ" ಎನ್ನುತ್ತಿದ್ದರು. ಅವರ ಮಾತನ್ನು ನಾನು ಆಗಲೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ.

ಅಪ್ಪ ಮೈಸೂರಿನ ಗಿರಣಿಯಲ್ಲಿ ಕೆಲಸ ಕಲಿತವರು. ಮದುವೆಯಾದ ಹೊಸದರಲ್ಲಿ ಲ್ಯಾಂಕಶೈರಿನ ಗಿರಣಿಯೊಂದರ ರಾತ್ರಿ ಪಾಳಿಯಲ್ಲಿ ಅವರಿಗೆ ಕೆಲಸ ಸಿಕ್ಕಿತು. ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳ ಸಾಲು, ಬಾಗಿಲು ತೆರೆದರೆ ನೇರ ಬೀದಿ, ಅಂಗಳವೂ ಇಲ್ಲ, ಜಗಲಿಯೂ ಇಲ್ಲ. ಅಂಥ ಸಾಲಿನ ಒಂದು ಮನೆಗೆ ಅಮ್ಮ ಬಂದಿಳಿದದ್ದು ಒಂದು ಗುರುವಾರ ಸಂಜೆ. ಮಾರನೆಯ ಬೆಳಿಗ್ಗೆ ಪರದೆ ಸರಿಸಿ ಹೊರಗೆ ನೋಡಿದವಳು ಅಪ್ಪನನ್ನು ಅಲುಗಾಡಿಸಿ ಎಬ್ಬಿಸಿದಳಂತೆ. ಬೀದಿಯುದ್ದಕ್ಕೂ ಹೆಂಗಸರು ತಂತಮ್ಮ ಬಾಗಿಲ ಮುಂದೆ ಮಂಡಿಯೂರಿ ಕೂತಿದ್ದರು. ಹೊಸ್ತಿಲ ಮೆಟ್ಟಿಲಿಗೆ ಬಿಸಿನೀರು ಹಾಕಿ ಉಜ್ಜಿ, ಆಮೇಲೆ ಅಂಗೈಯಗಲದ ಒಂದು ಕಲ್ಲಿನಿಂದ ಅಂಚಿಗೆ ಬೆಳ್ಳನೆಯ ಗೆರೆ ಎಳೆಯುತ್ತಿದ್ದರು. ಶುಕ್ರವಾರ ಬೇರೆ. ಅಮ್ಮನಿಗೆ ಇನ್ನೇನು ಬೇಕು? ಈ ಬಿಳಿಯರಿಗೂ ಹೊಸ್ತಿಲು ಪೂಜೆ ಉಂಟು, ಇವರು ಸಂಪ್ರದಾಯಸ್ಥರು, ಊರು ಒಳ್ಳೆಯದು ಎಂದು ಅಲ್ಲೇ ತೀರ್ಮಾನಿಸಿಬಿಟ್ಟಳು.

ಅವಳಿಗೆ ಕಂಡ ಕೊರತೆ ಒಂದೇ. ಪಾಪ, ಬರೀ ಗೆರೆ ಎಳೆದು ಬಿಡುತ್ತಾರೆ, ಚುಕ್ಕಿ ಇಡಲು ಗೊತ್ತಿಲ್ಲ. ಅವಳು ತಂದಿದ್ದ ರಂಗೋಲಿ ಪುಡಿಯನ್ನು ಆ ಊರಿನ ಜಿಟಿಜಿಟಿ ಮಳೆ ಒಂದೇ ವಾರದಲ್ಲಿ ಕುಡಿದು ಮುಗಿಸಿತು. ಆಗ ಆ ಕಲ್ಲು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದಳು. ಹಳೇ ಬಟ್ಟೆ ತೆಗೆದುಕೊಂಡು ಹೋಗುವ ಕೈಗಾಡಿಯವನು ಬಟ್ಟೆಗೆ ಬದಲಾಗಿ ಅದನ್ನು ಕೊಡುತ್ತಿದ್ದ. ಮೈಸೂರಿನಲ್ಲಿ ಹಳೇ ಸೀರೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವವಳ ಜೊತೆ ಮಧ್ಯಾಹ್ನವಿಡೀ ಜಗಳವಾಡಿ ಪಳಗಿದ್ದ ಅಮ್ಮನ ಕೈಗೆ ಆ ಬಡಪಾಯಿ ಸಿಕ್ಕಿಬಿದ್ದ. ಅಪ್ಪನ ಒಂದು ಹರಕು ಅಂಗಿಗೆ ಅವನು ಒಂದು ಕಲ್ಲು ಕೊಟ್ಟರೆ ಅಮ್ಮ ಅಂಗಿಯ ಗುಂಡಿಗಳನ್ನು ತೋರಿಸಿ ಇನ್ನೊಂದು ಕೇಳಿದಳು. ಭಾಷೆ ಬಾರದಿದ್ದರೂ ಚೌಕಾಸಿಗೆ ತೊಂದರೆಯಾಗಲಿಲ್ಲ. ಅಂದಿನಿಂದ ಅವನು ನಮ್ಮ ಬಾಗಿಲಿಗೆ ಬಂದಾಗ ಮೊದಲೇ ಎರಡು ಕಲ್ಲು ತೆಗೆದಿಡುತ್ತಿದ್ದನಂತೆ.

ಹೀಗೆ ಅಮ್ಮ ಅವರ ಕಲ್ಲಿನಿಂದ ತನ್ನ ರಂಗೋಲಿ ಬಿಡಿಸಿದಳು. ಅಂಚಿಗೆ ಅವರ ಗೆರೆ, ನಡುವೆ ನಮ್ಮ ತಾವರೆ. ಬೀದಿಯವರೂ ಅಷ್ಟೇ ದೊಡ್ಡ ತಪ್ಪು ತಿಳಿದುಕೊಂಡರು. ಇಂಡಿಯಾದವರು ಬಂದರೆ ಬೀದಿಯ ಮಾನ ಹೋಗುತ್ತದೆ ಎಂದು ಗುಸುಗುಸು ಮಾಡಿದ್ದವರು, ಬೆಳಗಾಗುವ ಮೊದಲೇ ಮೆಟ್ಟಿಲು ಫಳಫಳ ಹೊಳೆಯುವುದನ್ನು ಕಂಡು, ಇವಳು ನಮಗಿಂತ ಶುಚಿಯವಳು, ಹೂವು ಬೇರೆ ಬರೆದು ನಮ್ಮ ಮುಂದೆ ಮೆರೆಯುತ್ತಾಳೆ ಎಂದುಕೊಂಡರು. ಎಷ್ಟೋ ತಿಂಗಳ ಮೇಲೆ ಅಮ್ಮ ಪಕ್ಕದ ಮನೆಯವಳನ್ನು, ನೀವು ಇದನ್ನು ಯಾವ ದೇವರಿಗೆ ಮಾಡುತ್ತೀರಿ ಎಂದು ಕೇಳಿದಳು. ದೇವರೂ ಇಲ್ಲ ದಿಂಡರೂ ಇಲ್ಲ, ಮಾಡದಿದ್ದರೆ ಎದುರುಮನೆಯವಳು ಆಡಿಕೊಳ್ಳುತ್ತಾಳೆ, ಅದಕ್ಕೇ ಎಂದಳು ಅವಳು. ನಮ್ಮಲ್ಲೂ ಅರ್ಧ ಅದಕ್ಕೇ ಎಂದಳು ಅಮ್ಮ. ಅಲ್ಲಿಂದ ಸ್ನೇಹ ಗಟ್ಟಿಯಾಯಿತು. ಅಮ್ಮ ಕಲಿತ ಇಂಗ್ಲಿಷೆಲ್ಲ ಆ ಬೀದಿಯದೇ. ಹಾಗಾಗಿ ಅವಳು ಬಾಯಿ ಬಿಟ್ಟರೆ ಲ್ಯಾಂಕಶೈರಿನ ಗಿರಣಿ ಹೆಂಗಸಿನ ರಾಗ ಬರುತ್ತಿತ್ತು. ನನ್ನದೇ ಅಮೆರಿಕಕ್ಕೆ ಬಂದು ನುಣುಪಾಗಿಹೋಯಿತು.

ಒಂದು ಶುಕ್ರವಾರ ಪಾಳಿ ಮುಗಿಸಿ ಬರುತ್ತಿದ್ದ ಅಪ್ಪ, ಜೊತೆಯವನ ಕ್ಯಾಮೆರಾ ಕಡ ತಂದು, ಬೀದಿಯ ನಡುವೆ ನಿಂತು ಒಂದು ಫೋಟೊ ತೆಗೆದರು. ಸಾಲಾಗಿ ಬಾಗಿಲುಗಳು. ತಲೆಗೆ ವಸ್ತ್ರ ಕಟ್ಟಿ ಮಂಡಿಯೂರಿದ ಹೆಂಗಸರು. ಅವರ ಈಚೆ ಕೊನೆಗೆ, ಸೀರೆಯ ಮೇಲೆ ಗಂಡಸರ ಸ್ವೆಟರ್ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಕಲ್ಲು ಹಿಡಿದು ಕೂತ ಅಮ್ಮ. ಫೋಟೊ ತೆಗೆಯುತ್ತಿರುವ ಗಂಡನ ಮೇಲೆ ಸಿಟ್ಟು ಮುಖದಲ್ಲಿ ಎದ್ದು ಕಾಣುತ್ತದೆ. ಅಪ್ಪ ಹೋದಮೇಲೆ ಅಮ್ಮ ಸೆಂಟರ್‌ವಿಲ್‌ಗೆ ನಮ್ಮ ಜೊತೆ ಇರಲು ಬಂದಾಗ ಪೆಟ್ಟಿಗೆಯಲ್ಲಿ ತಂದ ಫೋಟೊ ಅದೊಂದೇ.

ಆ ಕಾಲದಲ್ಲಿ ನಮ್ಮ ಕಡೆ ಇಂಗ್ಲೆಂಡಿನಿಂದ ಬಂದು ನೆಲೆಸಿದವರ ಒಂದು ಸಣ್ಣ ಗುಂಪಿತ್ತು. ತಿಂಗಳಿಗೊಮ್ಮೆ ಸೇರಿ ಟೀ ಕುಡಿದು, ಅಮೆರಿಕದವರಿಗೆ ಟೀ ಮಾಡಲು ಬರುವುದಿಲ್ಲ ಎಂದು ಬೈದು ಚದುರುತ್ತಿದ್ದರು. ಅವರು ಲೈಬ್ರರಿಯ ಹಾಲ್‌ನಲ್ಲಿ ಒಂದು ಪ್ರದರ್ಶನ ಇಡುತ್ತೇವೆಂದು ಗ್ರೋಸರಿ ಅಂಗಡಿಯ ಬೋರ್ಡಿನಲ್ಲಿ ಚೀಟಿ ಹಚ್ಚಿದ್ದರು. ಇಂಗ್ಲೆಂಡಿನ ನಿಮ್ಮ ಊರಿನ, ಹಳ್ಳಿಯ ಹಳೇ ಫೋಟೊ ತನ್ನಿ, ನೆನಪು ಹಂಚಿಕೊಳ್ಳಿ ಎಂದಿತ್ತು. ನನಗಂತೂ ಸ್ವರ್ಗ ಸಿಕ್ಕ ಹಾಗಾಯಿತು. ನನ್ನ ಊರು ಯಾವುದೆಂದು ಎರಡನೇ ಸಲ ಕೇಳದ ಒಂದು ಜಾಗವಾದರೂ ಈ ಕೌಂಟಿಯಲ್ಲಿ ಇದೆ ಎಂದುಕೊಂಡೆ. ಫೋಟೊ ಕೊಟ್ಟು ಬಂದೆ. ಅಮ್ಮನಿಗೆ ಹೇಳಿದಾಗ ಮೇಲೆ ತಿರಸ್ಕಾರ ತೋರಿಸಿದಳು, ಒಳಗೆ ಖುಷಿ. ಪ್ರದರ್ಶನದ ದಿನ ಕಾಲುನೋವು ಮರೆತು ಮೈಸೂರು ಸಿಲ್ಕ್ ಉಟ್ಟು, ಎಲ್ಲರಿಗಿಂತ ಮೊದಲು ಕಾರಿನಲ್ಲಿ ಹೋಗಿ ಕೂತಳು.

ಹಾಲ್ ತುಂಬ ಫೋಟೊಗಳು. ಚರ್ಚಿನ ಗೋಪುರ, ಹುಲ್ಲಿನ ಮಾಡಿನ ಮನೆ, ಬಾತುಕೋಳಿ ಕೊಳ, ಕ್ರಿಕೆಟ್ ಆಡುವ ಪಾದ್ರಿ. ಪ್ರತಿಯೊಂದರ ಕೆಳಗೂ ಟೈಪ್ ಮಾಡಿದ ಕಾರ್ಡು. ನಮ್ಮದು ಒಂದು ಮೂಲೆಯಲ್ಲಿತ್ತು. ಕಾರ್ಡಿನಲ್ಲಿ ಹೀಗೆ ಬರೆದಿದ್ದರು: ಹೊಸ್ತಿಲು ಬೆಳ್ಳಗೆ ಮಾಡುತ್ತಿರುವ ಬೀದಿಯ ಹೆಂಗಸರು; ಭಾರತದಿಂದ ಬಂದ ಅತಿಥಿಯೊಬ್ಬರು ವೀಕ್ಷಿಸುತ್ತಿದ್ದಾರೆ.

ನನಗೆ ಮೈಯೆಲ್ಲ ಉರಿದುಹೋಯಿತು. ವೀಕ್ಷಿಸುತ್ತಿದ್ದಾರಂತೆ. ಕೈಯಲ್ಲಿ ಕಲ್ಲು ಇದೆ, ಮಂಡಿಯ ಕೆಳಗೆ ಗೋಣಿಚೀಲ ಇದೆ, ಪಕ್ಕದಲ್ಲಿ ಬಕೆಟ್ ಇದೆ. ಅತಿಥಿ ಬಕೆಟ್ ತರುತ್ತಾಳೆಯೇ? ಎಲ್ಲವನ್ನೂ ಏರ್ಪಾಡು ಮಾಡಿದ್ದ ಹೆಂಗಸನ್ನು ಹುಡುಕಿ ಹಿಡಿದೆ. ದಕ್ಷಿಣ ಇಂಗ್ಲೆಂಡಿನ ಯಾವುದೋ ಹಳ್ಳಿಯವರು, ಮೃದು ಮಾತು, ಕತ್ತಿನಲ್ಲಿ ಮುತ್ತಿನ ಸರ. ತಪ್ಪು ತೋರಿಸಿದೆ. ಅವರು ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಫೋಟೊ ಬಹಳ ಮುದ್ದಾಗಿದೆ, ಆದರೆ ಊರಿನವರ ನೆನಪು ಎಂದು ಹಾಕಿದರೆ ನೋಡಿದವರಿಗೆ ಗೊಂದಲವಾಗುತ್ತದೆ, ಶಾಲೆಯಲ್ಲಿ ನಡೆಯುವ ಇಂಟರ್‌ನ್ಯಾಷನಲ್ ಫೆಸ್ಟಿವಲ್‌ನಲ್ಲಿ ಇಂಡಿಯಾ ಟೇಬಲ್ ಇರುತ್ತದಲ್ಲ, ಅಲ್ಲಿಗೆ ಇದು ಇನ್ನೂ ಚೆನ್ನಾಗಿ ಒಪ್ಪುತ್ತದೆ ಎಂದು ನನ್ನ ತೋಳು ಸವರಿ ಹೇಳಿದರು. ಅದೇ ಇಂಡಿಯಾ ಟೇಬಲ್ಲಿನಲ್ಲಿ ಹಿಂದಿನ ವರ್ಷ ನಮ್ಮ ಕನ್ನಡದ ಆಂಟಿಯೊಬ್ಬರು, ಇದು ಇಂಗ್ಲೆಂಡಿನ ಫೋಟೊ, ಇಲ್ಲಿಗೆ ಬೇಡ ಎಂದು ವಾಪಸ್ ಕೊಟ್ಟಿದ್ದರು. ಅವರಿಗೂ ನಾವು ಬೇಡ, ಇವರಿಗೂ ನಾವು ಬೇಡ. ಹಾಗಾದರೆ ಅಮ್ಮ ಅಷ್ಟು ವರ್ಷ ಮಂಡಿ ಸವೆಸಿದ್ದು ಯಾವ ದೇಶದಲ್ಲಿ?

ನಾನು ಕಾರ್ಡು ಕಿತ್ತೆ. ಸದ್ದಾಯಿತು. ಟೀ ಕಪ್ಪು ಹಿಡಿದವರು ತಿರುಗಿ ನೋಡಿದರು. ಗಂಡ ಹಿಂದಿನಿಂದ ನನ್ನ ಸೆರಗು ಎಳೆಯುತ್ತ, ಸೀನ್ ಕ್ರಿಯೇಟ್ ಮಾಡ್ಬೇಡ ಎಂದು ಪಿಸುಗುಟ್ಟಿದರು. ಸೀನ್ ಆಗಲಿ ಎಂದೇ ನಾನು ಮಾಡಿದ್ದು. ಮುತ್ತಿನ ಸರದವರು ಇನ್ನೂ ನಗುತ್ತಲೇ ಕಾರ್ಡಿಗಾಗಿ ಕೈ ಚಾಚಿದರು. ಅಷ್ಟರಲ್ಲಿ ಅಮ್ಮ ಕುರ್ಚಿಯಿಂದ ಎದ್ದು ಬಂದಳು. ಏನಾಯಿತೆಂದು ಕೇಳಿದಳು. ಕಾರ್ಡಿನಲ್ಲಿದ್ದದ್ದನ್ನು ಓದಿ ಹೇಳಿದೆ. ಮುಚ್ಚಿಡುವುದಕ್ಕೆ ನನಗೇನು ದರ್ದು?

ಅಮ್ಮ ಆ ಹೆಂಗಸಿನ ಕಡೆ ತಿರುಗಿ ತನ್ನ ಗಿರಣಿ ಬೀದಿಯ ಇಂಗ್ಲಿಷಿನಲ್ಲಿ ಮಾತಾಡಿದಳು. ಆ ರಾಗ ಕೇಳಿದ ಕೂಡಲೇ ಹಾಲ್‌ನಲ್ಲಿದ್ದ ಉತ್ತರದ ಕಡೆಯ ಒಂದಿಬ್ಬರು ಮುದುಕರು ಕಪ್ಪು ಕೆಳಗಿಟ್ಟು ಹತ್ತಿರ ಬಂದರು. ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆದರೆ ಇಷ್ಟು.

"ಅತಿಥಿ ಹೊಸ್ತಿಲು ದಾಟ್ತಾಳೆ ಕಣಮ್ಮ, ತೊಳೆಯಲ್ಲ. ನಾನು ತೊಳೆದಿದ್ದೀನಿ. ನೀನು ಯಾವತ್ತಾದ್ರೂ ತೊಳೆದಿದ್ದೀಯಾ?"

ಮುತ್ತಿನ ಸರದವರು ಕೆಂಪಾದರು. ಅವರ ಮನೆಯಲ್ಲಿ ಅದಕ್ಕೆ ಆಳಿದ್ದಿರಬೇಕು. ಒಬ್ಬ ಮುದುಕ, ನನ್ನ ತಾಯಿಯೂ ಶುಕ್ರವಾರ ತಪ್ಪಿಸುತ್ತಿರಲಿಲ್ಲ ಎಂದು ಅಮ್ಮನಿಗೆ ಕುರ್ಚಿ ಎಳೆದು ಕೊಟ್ಟ. ಕೊನೆಗೆ ಆಕೆ, ಸರಿ, ನೀವೇ ಏನು ಬೇಕೋ ಬರೆಯಿರಿ ಎಂದು ಒಂದು ಖಾಲಿ ಕಾರ್ಡು, ಪೆನ್ನು ನನ್ನ ಕೈಗೆ ಕೊಟ್ಟು ಟೀ ಮೇಜಿನ ಕಡೆ ನಡೆದರು.

ಗೆದ್ದ ಉಬ್ಬಿನಲ್ಲಿ ನಾನು ದೊಡ್ಡ ಅಕ್ಷರದಲ್ಲಿ ಬರೆದೆ: ಮೈಸೂರಿನಿಂದ ಬಂದು ಈ ಬೀದಿಯಲ್ಲಿ ನೆಲೆಸಿದ ಮೊಟ್ಟಮೊದಲ ಭಾರತೀಯ ಮಹಿಳೆ. ಕೆಳಗೊಂದು ಗೆರೆಯನ್ನೂ ಎಳೆದೆ. ಎಲ್ಲರೂ ಓದಲಿ, ಎರಡೂ ಕಡೆಯವರು ಓದಲಿ ಎಂದು. ಅಮ್ಮನಿಗೆ ತೋರಿಸಿದೆ. ಅವಳು ಕನ್ನಡಕ ಏರಿಸಿ ನಿಧಾನವಾಗಿ ಓದಿದಳು. ನನಗೆ ಹೊಗಳಿಕೆ ಕಾದಿದೆ ಎಂದುಕೊಂಡೆ.

"ಇದನ್ನೂ ಹರಿದುಹಾಕು" ಎಂದಳು.

ಯಾಕೆ ಎಂದೆ. ಅವಳು ಫೋಟೊದ ಮೇಲೆ ಬೆರಳಿಟ್ಟಳು. "ನನ್ ಪಕ್ಕ ಕೂತಿದಾಳಲ್ಲ, ಇವ್ಳು ಐರ್ಲೆಂಡಿನವಳು. ಹಸಿವಿಗೆ ಊರು ಬಿಟ್ಟು ಬಂದಿದ್ಲು. ಅವಳಾಚೆ ಇರೋಳು ಯುದ್ಧ ಮುಗಿದ್ಮೇಲೆ ಪೋಲೆಂಡಿಂದ ಬಂದೋಳು, ನನಗಿಂತ ಕೆಟ್ಟ ಇಂಗ್ಲಿಷು. ಅವರಿಗೆಲ್ಲ ಬೀದಿಯ ಹೆಂಗಸರು ಅಂತ ಹಾಕಿದಾರೆ. ಎಲ್ಲಿಂದ ಬಂದ್ರು ಅಂತ ಯಾರಾದ್ರೂ ಬರ್ದಿದಾರಾ? ನಂಗೊಬ್ಳಿಗೆ ಯಾಕೆ ಬೇಕು ಅದು?"

ಯಾವೂರು ಎಂದು ಕೇಳಿದವರ ಮೇಲೆಲ್ಲ ಹರಿಹಾಯ್ದಿದ್ದವಳು, ಯಾರೂ ಕೇಳದಿದ್ದಾಗ ನಾನೇ ಅದನ್ನು ಅವಳ ಕೊರಳಿಗೆ ಕಟ್ಟಲು ಹೊರಟಿದ್ದೆ. ಹಾಗಾದರೆ ಏನು ಬರೆಯಲಿ ಎಂದು ಕೇಳಿದೆ.

"ಬೀದಿಯ ಹೆಂಗಸರು ಅಂತ ಬರಿ. ಬೀದಿ ಹೆಸರು ಹಾಕು. ಸಾಕು."

ಅದೇ ಕಾರ್ಡಿನ ಹಿಂಬದಿಗೆ ಅಷ್ಟೇ ಬರೆದು, ಕಿತ್ತ ಜಾಗದಲ್ಲೇ ಅಂಟಿಸಿದೆ. ಅಮ್ಮ ಆ ಮುದುಕ ಕೊಟ್ಟ ಕುರ್ಚಿಯನ್ನು ಫೋಟೊದ ಪಕ್ಕಕ್ಕೆ ಎಳೆಸಿಕೊಂಡು, ಸಂಜೆ ಹಾಲ್ ಮುಚ್ಚುವವರೆಗೂ ಅಲ್ಲಿಂದ ಏಳಲಿಲ್ಲ. ಕಾರ್ಡನ್ನು ಬದಲಾಯಿಸಲು ಯಾರಾದರೂ ಬರಲಿ, ನೋಡೋಣ ಎಂಬಂತೆ ಕೂತೇ ಇದ್ದಳು. ಯಾರೂ ಬರಲಿಲ್ಲ.