ಪಕ್ಕದ ಸೀಟು
ಬೀದಿಯವರೆಲ್ಲ ಅವರನ್ನು ಕಾರಪ್ಪ ಎನ್ನುತ್ತಾರೆ, ಆದರೆ ಅವರು ಕಾರು ಓಡಿಸಿದ್ದನ್ನು ಕಂಡವರು ಯಾರೂ ಇಲ್ಲ. ಇಬ್ಬರೇ ಕೂರಬಹುದಾದ ಆ ಹಳೇ ಕಾಲದ ಸ್ಪೋರ್ಟ್ಸ್ ಕಾರು ಒಂಬತ್ತು ವರ್ಷದಿಂದ ಇಟ್ಟಿಗೆಗಳ ಮೇಲೆ ತಪಸ್ಸಿಗೆ ಕೂತಿದೆ. ಬಿಚ್ಚಿಟ್ಟ ಎಂಜಿನ್ನು ಮೂಲೆಯಲ್ಲಿ ಗೋಣಿ ಹೊದ್ದು ಮಲಗಿದೆ. ಕಾರಪ್ಪನವರಿಗೆ ಅದರ ಚಿಂತೆಯೇ ಇಲ್ಲ. "ಮೊದಲು ಒಳಗಡೆ ಚೆನ್ನಾಗಿರಬೇಕು ಕಣೇ" ಎಂದು ಹೆಂಡತಿಗೆ ಉಪದೇಶ ಮಾಡುತ್ತ, ಸೀಟುಗಳನ್ನು ನಡುಮನೆಗೇ ತಂದು ಹೊಸ ಚರ್ಮ ಹೊಲಿಯುತ್ತಾರೆ. ಹೊಲಿಗೆ ಕೂದಲೆಳೆಯಷ್ಟು ಸೊಟ್ಟಗಾದರೂ ಪೂರ್ತಿ ಬಿಚ್ಚಿ ಮತ್ತೆ ಶುರುಮಾಡುತ್ತಾರೆ. ಅಂಟಿನ ವಾಸನೆಗೆ ನೆಂಟರು ಬರುವುದನ್ನೇ ಬಿಟ್ಟರು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ!" ಎಂದು ಹೆಂಡತಿ ಹಂಗಿಸಿದರೆ, ಬಾಯಲ್ಲಿ ಸೂಜಿ ಕಚ್ಚಿಕೊಂಡೇ ತಲೆಯಾಡಿಸುತ್ತಾರೆ. ಇಷ್ಟು ಅಳತೆ ನೋಡುವ ಮಹಾನುಭಾವರು ಪಕ್ಕದ ಸೀಟನ್ನು ಮಾತ್ರ ಮುಂದುಗಡೆ ನಾಲ್ಕು ಬೆರಳು ಮೊಟಕಾಗಿಸಿದ್ದರು. "ಇದೇನ್ರೀ, ಮೋಟು ಸೀಟು?" ಎಂದರೆ, "ಅಳತೆ ತಪ್ಪಿತು, ಬಿಡು" ಎಂದುಬಿಟ್ಟರು. ಜನ್ಮದಲ್ಲಿ ತಪ್ಪು ಒಪ್ಪಿಕೊಂಡ ಬಾಯಲ್ಲ ಅದು. ಕೊನೆಗೊಂದು ಬೆಳಿಗ್ಗೆ, ಅವರು ದಾರ ತರಲು ಪೇಟೆಗೆ ಹೋದ ಹೊತ್ತು ನೋಡಿ, ಆಕೆ ಗುಜರಿಯವನಿಗೆ ಹೇಳಿಕಳಿಸಿದರು. ಅವನನ್ನು ಕಾಯುತ್ತ ಆ ಮೋಟು ಸೀಟಿನ ಮೇಲೇ ಕೂತರು. ಆಕೆಯದು ಕುಳ್ಳು ದೇಹ. ಯಾವ ಕುರ್ಚಿಯಲ್ಲೂ ಬೆನ್ನು ಒರಗಿಸಿದರೆ ಕಾಲು ನೇತಾಡುತ್ತಿತ್ತು, ಕಾಲೂರಿದರೆ ಬೆನ್ನಿಗೆ ಆಸರೆ ಇರುತ್ತಿರಲಿಲ್ಲ. ಇಲ್ಲಿ ಬೆನ್ನೂ ಒರಗಿತು, ಪಾದಗಳೂ ನೆಲಕ್ಕೆ ಊರಿದವು. "ಕಾರು ಎಲ್ಲಿದೆ ಅಮ್ಮಾ?" ಎಂದು ಗುಜರಿಯವನು ಬಾಗಿಲಲ್ಲಿ ಕೂಗಿದ. ಆಕೆ ಕೂತಲ್ಲಿಂದ ಏಳಲಿಲ್ಲ. "ಇನ್ನೂ ಎಂಜಿನ್ನೇ ಜೋಡಿಸಿಲ್ಲ, ಈಗಲೇ ಹೇಗಪ್ಪಾ ಕೊಡೋದು? ಹೋಗಿ ಬಾ" ಎಂದರು.