ಜುರಾಂಗಿನ ಮುಡಿಪು

ಆ ಆಣೆಗೆ ಮಾತು ಹೊಂದಿಸಿಕೊಟ್ಟವಳು ನಾನೇ. ತೊಂಬತ್ತರ ದಶಕ, ಮೈಸೂರಿನಿಂದ ಸಿಂಗಪುರಕ್ಕೆ ಬಂದು ಜುರಾಂಗ್ ವೆಸ್ಟಿನ ಫ್ಲ್ಯಾಟಿನಲ್ಲಿದ್ದೆವು. ಪಕ್ಕದ ಮನೆಯಲ್ಲಿ ಉಡುಪಿ ಕಡೆಯ ಅಂಕಲ್, ಆಂಟಿ. ಅಂಕಲ್ ಹಡಗು ಕಟ್ಟುವ ಯಾರ್ಡಿನಲ್ಲಿ ಸೂಪರ್‌ವೈಸರ್. ನನಗೆ ಜ್ವರ ಬಂದಾಗ ತಾವೇ ಗಂಜಿ ಬೇಯಿಸಿ ತಂದುಕೊಟ್ಟ ಮನುಷ್ಯ. ಇಸ್ಪೀಟು ಒಂದೇ ಅವರಿಗೆ ಅಂಟಿದ ಕೇಡು. ಶನಿವಾರ ಸ್ನೇಹಿತರ ಮನೆಯಲ್ಲಿ ಕೂತರೆ ಏಳುವುದು ಸೋಮವಾರದ ಪಾಳಿಗೇ. ಆಂಟಿಯ ಕೈಯಲ್ಲಿ ಗಾಜಿನ ಬಳೆಗಳಷ್ಟೇ ಉಳಿದಿದ್ದವು.

ಕೊನೆಗೆ ಆಂಟಿ ತಮ್ಮ ಮನೆತನದ ದೈವದ ಹೆಸರಿನಲ್ಲಿ ಮುಡಿಪು ಕಟ್ಟಿದರು: ಹಳದಿ ಬಟ್ಟೆಯಲ್ಲಿ ಒಂದು ನಾಣ್ಯ. ಗಂಡ ಅದನ್ನು ಮುಟ್ಟಿ ಆಣೆ ಮಾಡಬೇಕು; ಆಣೆ ಉಳಿದರೆ ಮುಡಿಪನ್ನು ಉಡುಪಿಗೆ ಒಯ್ದು ಒಪ್ಪಿಸಬೇಕು. ಏನೆಂದು ಹೇಳಿಸಲಿ ಎಂದು ನನ್ನನ್ನು ಕೇಳಿದರು. ನಾನೋ ನಾಲ್ಕಕ್ಷರ ಕಲಿತ ಜಂಬದವಳು. ಪೂರಾ ಬಿಡಿಸಿದರೆ ಆಣೆ ಮುರಿದೇ ಮುರಿಯುತ್ತಾರೆ, ಉಡುಪಿಗೆ ಹೋದಾಗ ನೆಂಟರ ಜೊತೆ ಒಂದಾಟ ಆಡಿಕೊಳ್ಳಲಿ ಬಿಡಿ ಎಂದೆ. "ಈ ಸಿಂಗಪುರದಲ್ಲಿ ಜೂಜಾಡಲ್ಲ" ಎಂದು ಅಂಕಲ್ ಮುಡಿಪು ಮುಟ್ಟಿ ಹೇಳಿದರು. ಆಗ ಇಲ್ಲಿ ಕ್ಯಾಸಿನೊ ಇರಲೇ ಇಲ್ಲ. ಇಷ್ಟು ಸಾಕೆನಿಸಿತು.

ನಾಲ್ಕು ತಿಂಗಳು ಆ ಮನೆ ತಣ್ಣಗಿತ್ತು. ಆಮೇಲೆ ಅಂಕಲ್ ಶುಕ್ರವಾರ ಬ್ಯಾಗ್ ಹಿಡಿದು ಹೊರಡತೊಡಗಿದರು, ಕ್ರೂಸ್ ಅಂತೆ. ಅದು ಎಲ್ಲಿಗೂ ಹೋಗದ ಹಡಗು. ಸಿಂಗಪುರದ ನೀರು ದಾಟುತ್ತಲೇ ಜೂಜಿನ ಮೇಜುಗಳು ತೆರೆಯುತ್ತವೆಂದು ನನ್ನ ಗಂಡ ಹೇಳಿದರು. ಕಟ್ಟಡದ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ಅಂಗಳದಲ್ಲಿ, ಅವರನ್ನು ತಡೆದು ಕೇಳಿದೆ.

"ಸಿಂಗಪುರದಲ್ಲಿ ಮುಟ್ಟಿಲ್ಲಮ್ಮ," ಎಂದರು ನೆಲ ನೋಡುತ್ತ. "ಬಾರ್ಡರ್ ಕ್ರಾಸ್ ಆಗೋವರೆಗೂ ಕೈ ಕಟ್ಕೊಂಡೇ ಕೂತಿರ್ತೀನಿ."

ನಾನು ಚಾಪೆ ಕೆಳಗೆ ತೂರಿದ್ದರೆ ಅವರು ರಂಗೋಲಿ ಕೆಳಗೆ ತೂರಿದ್ದರು. ನಗು ಬರಬೇಕಿತ್ತು, ಅಳು ಬಂತು. ಆಂಟಿಯ ಬಳಿ ಹೋಗಿ ತಪ್ಪಾಯಿತೆಂದೆ. ಅವರು ಬೈಯಲಿಲ್ಲ. ದೈವದ ಹೆದರಿಕೆಯಾದರೂ ಉಳಿದಿದೆಯಲ್ಲ ಎಂದು ಹೇಳಿ ದೋಸೆ ಹಿಟ್ಟು ರುಬ್ಬಲು ಎದ್ದರು. ಬ್ಲಾಕಿಗೆಲ್ಲ ಹಿಟ್ಟು ಮಾರಿಯೇ ಅವರ ಸಂಸಾರ ಸಾಗುತ್ತಿತ್ತು. ನನ್ನ ಜಾಣತನದ ಮೇಲೆ ನನಗೇ ಅಸಹ್ಯವಾಯಿತು.

ಮುಂದೆ ಎಷ್ಟೋ ವರ್ಷದ ಮೇಲೆ ಕ್ಯಾಸಿನೊ ಊರೊಳಗೇ ಬಂತು. ಅಷ್ಟರಲ್ಲಿ ಮೊಣಕಾಲು ಸೋತು ಅಂಕಲ್ ಹಡಗು ಹತ್ತುವುದನ್ನು ಬಿಟ್ಟಿದ್ದರು. ಈ ಕ್ಯಾಸಿನೊಗಾದರೋ ಎಂಆರ್‌ಟಿ ರೈಲು ಸಾಕು. ಒಂದು ಭಾನುವಾರ ಎಲ್ಲರೂ ಅಲ್ಲಿನ ದೀಪಾಲಂಕಾರ ನೋಡಲು ಹೋದೆವು. ಕ್ಯಾಸಿನೊ ಬಾಗಿಲಲ್ಲಿ ಉದ್ದನೆಯ ಸಾಲು. ನಮ್ಮ ಹಾಕರ್ ಸೆಂಟರಿನ ತಿಂಡಿ ಅಂಗಡಿಗಳ ನಡುವೆ ಕಾಫಿ ಮಾರುವ ಚೀನೀ ಆಂಟಿ ಅದರಲ್ಲಿ ನಿಂತಿದ್ದರು. ಎಂದೂ ಇಸ್ಪೀಟು ಹಿಡಿದವರಲ್ಲ. ನಮ್ಮನ್ನು ಕಂಡು ಮುಖ ತಿರುಗಿಸಿದರು. ಅಂಕಲ್ ಸಾಲಿನ ಕಡೆ ನಾಲ್ಕು ಹೆಜ್ಜೆ ಹಾಕಿ ನಿಂತರು. ಪಕ್ಕದ ಮನೆಯ ಆಂಟಿ ನನ್ನ ಕೈ ಹಿಡಿದುಕೊಂಡರು, ಬೆರಳು ನೋಯುವಷ್ಟು ಬಿಗಿಯಾಗಿ.

"ಇದು ಸಿಂಗಪುರದೊಳಗೇ ಅಲ್ವಾ," ಎಂದು ತಮಗೇ ಹೇಳಿಕೊಂಡು ಅಂಕಲ್ ಹಿಂತಿರುಗಿದರು.

ಮನೆಗೆ ಬಂದ ಮೇಲೆ, ಮುಡಿಪನ್ನು ಇನ್ನು ಉಡುಪಿಗೆ ಕಳಿಸಬಹುದಲ್ಲ ಎಂದೆ. ಆಂಟಿ ದೇವರ ಗೂಡಿನಲ್ಲಿದ್ದ ಹಳದಿ ಗಂಟನ್ನು ನೋಡಿದರು.

"ಬೇಡಮ್ಮ, ಇವ್ರು ಇರೋವರೆಗೂ ಇಲ್ಲೇ ಇರ್ಲಿ. ನಮಗೆ ತಡೆಯೋಕೆ ಇದೊಂದಾದ್ರೂ ಇದೆ. ಆ ಕಾಫಿ ಆಂಟಿಗೆ ಏನಿದೆ?"

ಮುಂದಿನ ದೀಪಾವಳಿಯ ಹೊತ್ತಿಗೆ ಕಾಫಿ ಅಂಗಡಿಯಲ್ಲಿ ಬೇರೆಯವರಿದ್ದರು.