ಗೋಡೆಯಾಚೆಯಿಂದ ಬರುವ ಅರ್ಥ

ನಮ್ಮ ಬೀದಿಯ ದರ್ಜಿಗೆ ಇಂಗ್ಲಿಷ್ ಕಲಿಸುತ್ತಿರುವುದು ದೇಶದೇಶಗಳ ವ್ಯಾಪಾರದ ಜಗಳ. ಬೆಳಗಿನ ಸುದ್ದಿಯಲ್ಲಿ ಟ್ಯಾರಿಫ್ ಎಂಬ ಪದ ಕೇಳಿದರೆ ಮಧ್ಯಾಹ್ನದೊಳಗೆ ಅದು ಅವನ ಬಾಯಲ್ಲಿ ಪಳಗಿರುತ್ತದೆ. ಹೆಂಡತಿ ಚಹಾ ಕೊಡದಿದ್ದರೆ, “ಇದು ಸ್ಯಾಂಕ್ಷನ್ ಕಣೇ, ನಿರ್ಬಂಧ!” ಎನ್ನುತ್ತಾನೆ. “ಮೊದ್ಲು ಆ ಗುಂಡಿ ಹಚ್ಚಿ, ಆಮೇಲೆ ಲೋಕ ಆಳೀರಂತೆ,” ಎನ್ನುತ್ತಾಳೆ ಅವಳು. ಅರ್ಥವಾಗದ ಪದವನ್ನು ಅವನು ಯಾರನ್ನೂ ನೋಡದೆ ಗಟ್ಟಿಯಾಗಿ ಕೂಗುತ್ತಾನೆ. ಅಪ್ಪನ ಅಂಗಡಿ ಪಾಲಾದಂದಿನಿಂದ ಅವನೊಂದಿಗೆ ಮಾತು ಬಿಟ್ಟಿರುವ ಅಣ್ಣ, ನಡುಗೋಡೆಯಾಚೆ ಬಟ್ಟೆ ಕತ್ತರಿಸುತ್ತಲೇ, ತನ್ನ ಗಿರಾಕಿಗೆ ಹೇಳುವವನಂತೆ ಅರ್ಥ ಹೇಳುತ್ತಾನೆ. ನಿನ್ನೆ ದರ್ಜಿ, “ನೆಗೋಶಿಯೇಷನ್ ಅಂದ್ರೇನಪ್ಪಾ?” ಎಂದು ಕೂಗಿದ. “ಮೊನ್ನೆನೇ ಕೇಳಿದ್ರಲ್ಲ!” ಎಂದಳು ಹೆಂಡತಿ. “ಸುಮ್ನಿರೇ, ಬೆಳಗಿನಿಂದ ಅಣ್ಣನ ದನಿ ಕೇಳಿಲ್ಲ.” ಗೋಡೆಯಾಚೆ ಕತ್ತರಿ ನಿಂತಿತು. “ಕೂತು ಮಾತಾಡೋದು ಕಣೋ! ಎಷ್ಟು ಸಲ ಹೇಳ್ಲಿ ನಿಂಗೆ?”